ಎರಡೇ ವೈರು ಮಾರಾಯ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಆಸುಪಾಸಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತೇವೆಂದರೆ ಅವರಿಗೆ ಅವಮಾನ. ಊಟಕ್ಕೆ ಕರೆದರೆ ಹಣ್ಣು, ಸಿಹಿ ತರುವುದಿಲ್ಲ. ಟೆಸ್ಟರ್, ಸ್ಕ್ರೂಡ್ರೈವರ್, ಹಣೆಗೆ ಕಟ್ಟುವ ಟಾರ್ಚು ತರುತ್ತಾರೆ. ಶೂ ಬಿಚ್ಚುವ ಮೊದಲೇ ರೇಡಿಯೇಟರ್ ಮುಟ್ಟಿ, ನಾಡಿ ಹಿಡಿದ ಪಂಡಿತರಂತೆ ಮುಖ ಮಾಡುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಅಕ್ಕನ ಗಂಡ. ಊರು ಸಾಗರದ ಕಡೆ, ಈಗ ಸ್ಲೌ.

ನಮ್ಮ ಮನೆಯದು ಕಾಂಬಿ ಬಾಯ್ಲರ್. ನೀರು ತುಂಬಿಡುವ ಟ್ಯಾಂಕಿಲ್ಲ, ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ಕಾಯಿಸಿ ಕೊಡುತ್ತದೆ. ಚಳಿಗಾಲದಲ್ಲಿ ರೇಡಿಯೇಟರುಗಳೂ ಅದರದೇ ಜವಾಬ್ದಾರಿ. ಕೋಣೆಗೆ ಥರ್ಮೋಸ್ಟಾಟ್ ಇರಲಿಲ್ಲ. ಬಾಯ್ಲರಿನಲ್ಲೇ ಇದ್ದ ಗಡಿಯಾರ ಹೇಳಿದಾಗ ಬೆಚ್ಚಗಿರುತ್ತಿದ್ದೆವು, ಉಳಿದ ಹೊತ್ತು ಸ್ವೆಟರ್. ಭಾವನಿಗೆ ಇದನ್ನು ಸಹಿಸಲಾಗಲಿಲ್ಲ. "2018ರ ಏಪ್ರಿಲ್‌ನಿಂದ ಹೊಸ ಕಾಂಬಿ ಹಾಕಿದರೆ ಒಂದು ಸ್ಮಾರ್ಟ್ ಕಂಟ್ರೋಲೋ, ಇಲ್ಲವೇ ಗ್ಯಾಸು ಉಳಿಸುವ ಮತ್ತೊಂದೋ ಇರಲೇಬೇಕು ಅಂತ ನಿಯಮ ಉಂಟು, ಗೊತ್ತುಂಟಾ?" ಎಂದರು. ನಮ್ಮದು ಹಳೆಯದಲ್ಲವೇ ಭಾವ ಎಂದೆ. "ನಿಯಮ ಇಲ್ಲ ಅಂತ ಮರ್ಯಾದೆಯೂ ಬೇಡವಾ?"

ಹಾಗೆ ನವೆಂಬರಿನ ಒಂದು ಶನಿವಾರ ಬಂದೇ ಬಂದರು, ಸ್ಮಾರ್ಟ್ ಥರ್ಮೋಸ್ಟಾಟನ್ನೂ ಅದರ ರಿಸೀವರ್ ಪೆಟ್ಟಿಗೆಯನ್ನೂ ಹಿಡಿದುಕೊಂಡು. "ಎರಡೇ ವೈರು ಮಾರಾಯ. ಕಾಫಿ ಆಗುವುದರೊಳಗೆ ಮುಗೀತದೆ." ನಾನು ಎಣಿಸಿದೆ. ರಿಸೀವರಿಗೆ ಲೈವ್ ಒಂದು, ನ್ಯೂಟ್ರಲ್ ಒಂದು; ಅಲ್ಲಿಂದ ಬಾಯ್ಲರಿಗೆ ಎರಡು; ಹಸಿರು-ಹಳದಿ ಅರ್ಥ್ ಬೇರೆ. ಭಾವನ ಲೆಕ್ಕದಲ್ಲಿ ಮೊದಲಿನೆರಡು ವೈರಲ್ಲ, 'ಕರೆಂಟು'. ಅರ್ಥ್ ಅಂದರೆ ಭೂಮಿ, ಅದನ್ನು ಯಾರು ಎಣಿಸುತ್ತಾರೆ? ಎಂಜಿನಿಯರಿಂಗ್ ಪದವೀಧರನಾದ ನನಗೆ ಕೊಟ್ಟ ಕೆಲಸ ಅಂಗೈಯಲ್ಲಿ ಸ್ಕ್ರೂ ಹಿಡಿದು ಅಲುಗಾಡದೆ ನಿಲ್ಲುವುದು. ಚೆನ್ನಾಗಿಯೇ ನಿಂತೆ.

ಒಂದು ಮಾತು ಹೇಳಬೇಕು, ಅವರು ಪುಂಡರಲ್ಲ. ಮೊದಲು ಮೇನ್ಸ್ ಆರಿಸಿದರು, ಮೂರು ಆಂಪಿಯರ್ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡರು, ಕಂದು, ನೀಲಿ ವೈರುಗಳನ್ನು ಟೆಸ್ಟರ್ ಹಿಡಿದು ನೋಡಿದರು. ಗ್ಯಾಸಿನ ಭಾಗಕ್ಕೆ ಮಾತ್ರ ದೂರದಿಂದಲೇ ನಮಸ್ಕಾರ. 2009ರಲ್ಲಿ ಕೋರ್ಗಿ ಎಂಬ ಹಳೆಯ ನೋಂದಣಿ ಹೋಗಿ ಗ್ಯಾಸ್ ಕೆಲಸದವರಿಗೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂತಲ್ಲ, ಅದರಲ್ಲಿ ಹೆಸರಿಲ್ಲದವರು ಮುಟ್ಟುವಂತಿಲ್ಲ ಎಂಬುದನ್ನು ಮಡಿಯಂತೆ ಪಾಲಿಸುತ್ತಾರೆ.

ಎಲ್ಲ ಜೋಡಿಸಿ, ಬಾಯ್ಲರಿನ ಗಡಿಯಾರಕ್ಕೆ ಇನ್ನು ಕೆಲಸವಿಲ್ಲವೆಂದು ಅದನ್ನು 'ಸದಾ ಆನ್'ಗೆ ತಿರುಗಿಸಿದರು. ಫೋನಿನಲ್ಲಿ ಇಪ್ಪತ್ತು ಡಿಗ್ರಿ ಎಂದು ಒತ್ತಿದರು. ರಿಸೀವರ್ ಟಕ್ ಎಂದಿತು. ಭಾವ ನನ್ನತ್ತ ನೋಡಿದ ನೋಟದಲ್ಲಿ ನನ್ನ ಪದವಿಗೆ ಬೆಲೆ ಉಳಿಯಲಿಲ್ಲ.

ಊಟದ ಹೊತ್ತಿಗೆ ಇಪ್ಪತ್ತಮೂರು. ಅವರು ಹೊರಟಾಗ ಇಪ್ಪತ್ತೈದು. ರಾತ್ರಿ ಇಪ್ಪತ್ತೇಳಾದಾಗ ಬನಿಯನ್ನಿನಲ್ಲಿ ಕೂತು ಫೋನ್ ಮಾಡಿದೆ. "ಆಪ್ ನೋಡು. ಏನು ತೋರಿಸ್ತದೆ?" ಆಫ್ ಅಂತ ತೋರಿಸ್ತದೆ ಭಾವ. "ಮತ್ತೆ? ಆಫ್ ಉಂಟಲ್ಲ." ರೇಡಿಯೇಟರ್ ಮುಟ್ಟಲಾಗ್ತಿಲ್ಲ ಭಾವ. "ಮುಟ್ಟಬೇಡ. ಆಪ್ ನಂಬು." ಹೊರಗೆ ಇಬ್ಬನಿ ಗಡ್ಡೆ ಕಟ್ಟುತ್ತಿರುವಾಗ ಕಿಟಕಿಗಳನ್ನೆಲ್ಲ ತೆರೆದು ಮಲಗಿದೆವು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿದ್ದರು. ಥರ್ಮೋಸ್ಟಾಟ್ ಇಲ್ಲದ ಮನೆಯಲ್ಲೂ ಬಾಯ್ಲರ್ ಓಡಲೆಂದು ಕಾರ್ಖಾನೆಯಲ್ಲೇ ಎರಡು ಟರ್ಮಿನಲ್‌ಗಳ ನಡುವೆ ತುಂಡು ವೈರೊಂದನ್ನು ಸಿಕ್ಕಿಸಿರುತ್ತಾರೆ. ಅದಕ್ಕೆ ಲಿಂಕ್ ಎನ್ನುತ್ತಾರೆ. ಹೊಸ ವೈರು ಹಾಕುವಾಗ ಅದನ್ನು ತೆಗೆಯಬೇಕು. ಭಾವ ತೆಗೆದಿರಲಿಲ್ಲ, ಹೊಸದರ ಜತೆ ಅದನ್ನೂ ಇನ್ನಷ್ಟು ಬಿಗಿಯಾಗಿ ಕೂರಿಸಿದ್ದರು. ರಿಸೀವರ್ ಪಾಪ ಆನ್ ಎಂದರೂ ಆಫ್ ಎಂದರೂ ಬಾಯ್ಲರಿಗೆ ಹೋಗುತ್ತಿದ್ದುದು 'ಉರಿ' ಎಂಬ ಒಂದೇ ಆಜ್ಞೆ. ಕಿತ್ತ ಲಿಂಕನ್ನು ನನ್ನ ಮೂಗಿನ ಮುಂದೆ ಹಿಡಿದು ಭಾವ ಗೆದ್ದ ದನಿಯಲ್ಲೇ ಹೇಳಿದರು: "ನಾನು ಹೇಳಿದ್ದೇನು? ಎರಡೇ ವೈರು. ಇಲ್ಲಿ ನೋಡು, ಮೂರನೆಯದೊಂದು ಇತ್ತು!"

ಅವರು ಕೈ ತೊಳೆಯುತ್ತಿದ್ದಾಗ ಅಕ್ಕ ಹೇಳಿದ್ದೊಂದು ನೆನಪಾಯಿತು. ಊರಿನಲ್ಲಿ ತ್ರೀ-ಫೇಸ್ ಕರೆಂಟು ಬರುತ್ತಿದ್ದುದೇ ಅಪರಾತ್ರಿ. ಯಾರದೋ ತೋಟದ ಪಂಪ್‌ಸೆಟ್ ಕೈಕೊಟ್ಟರೆ, ಬ್ಯಾಟರಿ ಹಿಡಿದು ಬಂದವರು ಮೊದಲು ಕೂಗುತ್ತಿದ್ದುದು ಇವರ ಹೆಸರನ್ನೇ. ಸ್ಟಾರ್ಟರ್ ಬಿಚ್ಚಿ ಸರಿಮಾಡಿ, ಅವರ ಮನೆಯಲ್ಲೇ ಕಷಾಯ ಕುಡಿದು ಬೆಳಗಾಗುವಾಗ ಬರುತ್ತಿದ್ದರಂತೆ. ಸ್ಲೌನಲ್ಲಿ ದಿನವಿಡೀ ಎಕ್ಸೆಲ್ ಹಾಳೆ ತುಂಬುವ ಮನುಷ್ಯನ ಬಾಗಿಲನ್ನು ರಾತ್ರಿ ಯಾರು ತಟ್ಟುತ್ತಾರೆ?

ಕಾಫಿ ಕುಡಿಯುತ್ತಾ, "ರೆಡಿಂಗ್ ಕಡೆ ಹೊಸದಾಗಿ ಮನೆ ತಗೊಂಡ ನಮ್ಮವರು ಯಾರಾದರೂ ಉಂಟಾ?" ಎಂದು ವಿಚಾರಿಸಿದರು. ಮಂಡ್ಯದ ಕಡೆಯ ದಂಪತಿಯ ನಂಬರ್ ಕೊಟ್ಟೆ. ಭಾವನ ಕಾರು ತಿರುವು ದಾಟಿದ ಮೇಲೆ ಆ ದಂಪತಿಗೂ ಫೋನ್ ಮಾಡಿ, ಒಳ್ಳೆಯ ಮನುಷ್ಯರು, ದುಡ್ಡು ಮುಟ್ಟುವುದಿಲ್ಲ, ಊಟ ಹಾಕಿ ಎಂದೆ. ಒಂದು ಟೇಬಲ್ ಫ್ಯಾನ್ ತಂದಿಟ್ಟುಕೊಂಡಿರಿ ಎಂದೂ ಹೇಳಿದೆ.