ನಿಧಾನ ಜಠರ: ಬಳಸುವವರ ಕೈಪಿಡಿ

ಈ ಯಂತ್ರ ನೀವು ಕೊಂಡದ್ದಲ್ಲ, ಹುಟ್ಟುವಾಗಲೇ ಒಳಗೆ ಕೂರಿಸಿ ಕಳಿಸಿದ್ದು. ರಸೀದಿ ಇಲ್ಲ, ಗ್ಯಾರಂಟಿ ಇಲ್ಲ. ಇದರ ಜೊತೆಗೆ ನನ್ನ ಹಾಗೆ 22 ವರ್ಷದ ಸಕ್ಕರೆ ಕಾಯಿಲೆಯೂ ಇದ್ದರೆ ಮುಂದೆ ಓದಿ.

ಯಂತ್ರದ ಪರಿಚಯ

ಜಠರವನ್ನು ಚೀಲ ಅಂದುಕೊಳ್ಳಬೇಡಿ, ಅದೊಂದು ರುಬ್ಬುವ ಕಲ್ಲು. ಸರಿಯಿದ್ದಾಗ ನಿಮಿಷಕ್ಕೆ ಸುಮಾರು 3 ಸಲ ಹಿಂಡಿ, ತಿಂದದ್ದನ್ನು ಒಂದೆರಡು ಮಿಲಿಮೀಟರಿನ ತರಿ ಮಾಡಿ, ಕೆಳಗಿನ ಬಾಗಿಲಿಂದ ಸ್ವಲ್ಪಸ್ವಲ್ಪವೇ ಕರುಳಿಗೆ ಬಿಡುತ್ತದೆ. ಇದಕ್ಕೆ ಮೇಲಿಂದ ಅಪ್ಪಣೆ ತರುವುದು ವೇಗಸ್ ನರ. ವರ್ಷಗಟ್ಟಲೆ ಏರಿದ ಸಕ್ಕರೆ ಆ ನರವನ್ನು ಕೆಡಿಸಿದರೆ ವೇಗ ಹೆಸರಲ್ಲಷ್ಟೇ ಉಳಿಯುತ್ತದೆ. ಡಾಕ್ಟರು ಇದಕ್ಕೆ ಗ್ಯಾಸ್ಟ್ರೋಪರೆಸಿಸ್ ಎನ್ನುತ್ತಾರೆ. ನೆಂಟರು ಮೊದಲರ್ಧ ಕೇಳಿದ ಕೂಡಲೇ, "ಓ, ಗ್ಯಾಸ್ಟ್ರಿಕ್ಕಾ? ಓಮ ಜಗೀರಿ" ಎನ್ನುತ್ತಾರೆ.

ದೋಷ ಪತ್ತೆ

ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುವುದು, ವಾಕರಿಕೆ, ಸಂಜೆ ಐದರ ತೇಗಿನಲ್ಲಿ ಬೆಳಗಿನ ಚಟ್ನಿಯ ಇಂಗು. ಎಂಡೋಸ್ಕೋಪಿಯಲ್ಲಿ ಅಡ್ಡ ಏನೂ ಇಲ್ಲವೆಂದಾದ ಮೇಲೆ ಸ್ಕ್ಯಾನು. ವಿದೇಶಿ ಪದ್ಧತಿಯಲ್ಲಿ ಚೂರು ವಿಕಿರಣಶೀಲ ವಸ್ತು ಬೆರೆಸಿದ ಮೊಟ್ಟೆ ತಿನ್ನಿಸುತ್ತಾರೆ. ನನಗೆ ಕೊಟ್ಟದ್ದು ಇಡ್ಲಿ. ಚಟ್ನಿ ಕೇಳಿದೆ, ಟೆಕ್ನೀಷಿಯನ್ ನಗಲಿಲ್ಲ. ನಾಲ್ಕು ಗಂಟೆಯಾದ ಮೇಲೆ ಒಳಗೆ ಶೇಕಡಾ 10ಕ್ಕಿಂತ ಹೆಚ್ಚು ಉಳಿದಿರಬಾರದು. ಪರದೆಯ ಮೇಲೆ ನನ್ನ ಇಡ್ಲಿ ಬಾಡಿಗೆ ಕೊಡದ ಬಿಡಾರದವನ ಹಾಗೆ ಕೂತೇ ಇತ್ತು.

ತುಂಬುವ ವಿಧಾನ

ಮೂರು ಊಟವನ್ನು ಆರು ಮಾಡಿ. ಒಳಗಿನ ಕಲ್ಲು ಕೈಕೊಟ್ಟಿದ್ದರಿಂದ ರುಬ್ಬುವ ಕೆಲಸ ಈಗ ಅಡುಗೆಮನೆಯ ಮಿಕ್ಸಿಯದು. ಗಂಜಿ, ಮೆತ್ತಗೆ ಕಲಸಿದ ಅನ್ನ, ಸಾರಿನ ತಿಳಿ ಬೇಗ ಇಳಿಯುತ್ತವೆ. ತುಪ್ಪ, ಕರಿದದ್ದು, ನುಗ್ಗೇಕಾಯಿ, ಕಿತ್ತಳೆಯ ತೊಳೆ ಇಳಿಯುವುದಿಲ್ಲ. ನಾರು ಹೊಟ್ಟೆಯಲ್ಲೇ ಉಂಡೆಗಟ್ಟುವುದೂ ಉಂಟು. ಮುದ್ದೆಯ ಮಾತು ಎತ್ತಲು ಸಂಕಟ. ಅಗಿಯದೆ ನುಂಗಬೇಕು ಎಂದು ಕಲಿಸಿದ ಅಜ್ಜಿಗೆ ಈ ಕೈಪಿಡಿ ತೋರಿಸಬೇಡಿ. ಸಕ್ಕರೆ ಡಾಕ್ಟರು ನಾರು ಹೆಚ್ಚಿಸಿ ಎಂದು ಬರೆದ ಚೀಟಿ, ಹೊಟ್ಟೆ ಡಾಕ್ಟರು ನಾರು ಬಿಡಿ ಎಂದು ಬರೆದ ಚೀಟಿ ನಮ್ಮ ಫ್ರಿಜ್ಜಿನ ಮೇಲೆ ಒಂದೇ ಆಯಸ್ಕಾಂತದಡಿ ಸಂಸಾರ ಮಾಡುತ್ತಿವೆ.

ಸಮಯ ಹೊಂದಾಣಿಕೆ

ಈ ಭಾಗ ಎರಡು ಸಲ ಓದಿ. ಊಟಕ್ಕೆ ಮುಂಚೆ ಚುಚ್ಚಿಕೊಂಡ ಇನ್ಸುಲಿನ್ ಹೊತ್ತಿಗೆ ಸರಿಯಾಗಿ ರಕ್ತಕ್ಕೆ ಬಂದು ನಿಲ್ಲುತ್ತದೆ. ಅನ್ನ ಇನ್ನೂ ಜಠರದಲ್ಲಿ. ಒಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಎಂಜಲು ಕೈ ತೊಳೆದು ಬರುವಷ್ಟರಲ್ಲಿ ಬೆವರಿ, ಕೈ ನಡುಗಿ, ಟವೆಲ್ಲಿನ ಗೂಟ ಹಿಡಿದು ನಿಂತೆ. ಮೀಟರಿನಲ್ಲಿ 58. ಹೆಂಡತಿ ಬಾಯಿಗಿಟ್ಟ ಲಡ್ಡು ಕೂಡ ಆ ಅನ್ನದ ಹಿಂದೆಯೇ ಸಾಲಿನಲ್ಲಿ ನಿಂತಿತು. ಅದಕ್ಕೇ ಇಂಥ ಹೊತ್ತಿಗೆ ಸಕ್ಕರೆ ನೀರು, ಲಡ್ಡು ಬೇಡ. ದ್ರವ ಸಂದುಗೊಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಅದೇ ಊಟ ರಾತ್ರಿ ನಿಧಾನವಾಗಿ ಇಳಿದು 310 ತೋರಿಸಿತು. ಏರಿದ ಸಕ್ಕರೆ ಜಠರವನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಈಗ ನನಗೆ ಉಂಡ ಮೇಲೆ ಇಂಜೆಕ್ಷನ್. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಲಿ, ನನ್ನ ಮಾತು ಕೇಳಬೇಡಿ.

ಎಣ್ಣೆ ಹಾಕುವುದು

ಊಟಕ್ಕೆ ಅರ್ಧ ಗಂಟೆ ಮುಂಚೆ ಜಠರವನ್ನು ಹಿಂಡಿಸುವ ಮಾತ್ರೆ, ಮೆಟೋಕ್ಲೋಪ್ರಮೈಡ್. ಅದರಿಂದ ತುಟಿ, ನಾಲಿಗೆ ತಾವಾಗಿಯೇ ಆಡತೊಡಗಿದರೆ ತಕ್ಷಣ ಡಾಕ್ಟರಿಗೆ ಹೇಳಿ. ಉಂಡ ಮೇಲೆ ಅಡ್ಡಾಗಬೇಡಿ, ಅಡ್ಡಾಡಿ.

ಎಚ್ಚರಿಕೆ: ಮದುವೆ ಮನೆ

ವಾತಾಪಿಯನ್ನು ಕರಗಿಸಿದ ಅಗಸ್ತ್ಯರ ಹೊಟ್ಟೆ ಬೇರೆ ಮಾದರಿಯದು, ಹೋಲಿಸಿಕೊಳ್ಳಬೇಡಿ. ಹೋಳಿಗೆಯವರು ಬಂದಾಗ ಎರಡೂ ಕೈ ಎಲೆಗೆ ಅಡ್ಡ ಹಿಡಿಯಿರಿ. "ಒಂದೇ ಒಂದು, ನಮ್ಮ ಮೇಲಾಣೆ" ಎಂದು ಬೆರಳಸಂದಿಯಿಂದ ಇಳಿಬಿಡುತ್ತಾರೆ. ಹಿಂದೆಯೇ ಬಂದವರು ಕೈಯ ಮೇಲೆ ತುಪ್ಪ ಸುರಿಯುತ್ತಾರೆ. ಕಾಯಿಲೆಯ ಹೆಸರು ಹೇಳಿ ಪ್ರಯೋಜನವಿಲ್ಲ, ಓಮ ತಂದುಕೊಡುತ್ತಾರೆ. ಮರುದಿನ ಬೆಳಿಗ್ಗೆ ಬೀಗರ ಫೋನು ಬರುತ್ತದೆ: "ಊಟ ಆಯ್ತಾ?"

"ನಿನ್ನೇದು ಇನ್ನೂ ಆಗ್ತಾ ಇದೆ" ಎನ್ನಿ.