ಗ್ರೇ ಮಹಾಪುರಾಣ: ಲಕ್ಷಣ ವಿಚಾರ

ಶೋಂಡಾ ರೈಮ್ಸ್ ಅವರಿಂದ ಪ್ರವರ್ತಿತವಾಗಿ, ಅಮೆರಿಕದ ಎಬಿಸಿ ವಾಹಿನಿಯಲ್ಲಿ 2005ರ ಮಾರ್ಚ್ 27ರಂದು ಆರಂಭಗೊಂಡ 'ಗ್ರೇಸ್ ಅನಾಟಮಿ'ಯನ್ನು ವಿದ್ವಾಂಸರು ಇಂದಿಗೂ ಆಸ್ಪತ್ರೆಯ ಧಾರಾವಾಹಿಯೆಂದೇ ವರ್ಗೀಕರಿಸುತ್ತಿರುವುದು ಪ್ರಕಾರನಿರ್ಣಯದಲ್ಲಾದ ಘೋರ ಪ್ರಮಾದ. 'ಇಆರ್' ಎಂಬ ಪೂರ್ವಕೃತಿ 331 ಕಂತುಗಳಿಗೇ ದಣಿದು 2009ರಲ್ಲಿ ವಿರಮಿಸಿತು. ಪ್ರಸ್ತುತ ಕೃತಿಯಾದರೋ 2019ರ ಫೆಬ್ರವರಿಯಲ್ಲಿ 332ನೆಯ ಕಂತನ್ನು ಕಂಡು, 2022ರಲ್ಲಿ 400ನ್ನು ಮುಟ್ಟಿ, ಇನ್ನೂ ಮುಂದುವರಿಯಿತು. ಇಷ್ಟು ಬೆಳೆದು, ಮೊದಲ ದಿನ ಯಾರು ಯಾವ ಕಾಯಿಲೆಗೆ ದಾಖಲಾದರೆಂಬುದೇ ಕೇಳುಗರಿಗೆ ಮರೆತುಹೋಗುವಂಥ ಕಥನಕ್ಕೆ ಭಾರತೀಯ ಪರಂಪರೆಯಲ್ಲಿ ಪುರಾಣವೆಂಬ ಹೆಸರು ಸಿದ್ಧವಾಗಿಯೇ ಇದೆ. ಪುರಾಣಕ್ಕೆ ಸಲ್ಲುವ ಐದು ಲಕ್ಷಣಗಳು, ಎಂದರೆ ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ ಮತ್ತು ವಂಶಾನುಚರಿತ, ಈ ಕೃತಿಯಲ್ಲಿ ಕೊರತೆಯಿಲ್ಲದೆ ನೆರೆದಿವೆ.

ಲಕ್ಷಣಕ್ಕೆ ಮುನ್ನ ಶೀರ್ಷಿಕೆಯ ಪಾಠಾಂತರವನ್ನು ಬಗೆಹರಿಸಬೇಕು. ಲಂಡನ್ನಿನ ಹೆನ್ರಿ ಗ್ರೇ 1858ರಲ್ಲಿ ಪ್ರಕಟಿಸಿದ ಅಂಗರಚನಾ ಗ್ರಂಥವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ 'ಗ್ರೇಸ್ ಅನಾಟಮಿ' ಎಂದೇ ಕರೆಯುತ್ತಾರೆ. ಧಾರಾವಾಹಿಯ ನಾಯಕಿಯೂ ಮೆರೆಡಿತ್ ಗ್ರೇ. ಇಂಗ್ಲಿಷಿನಲ್ಲಿ ಈ ಎರಡು ಮನೆತನಗಳ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸವಿದ್ದು, ಕನ್ನಡ ಲಿಪಿ ಅದನ್ನೂ ಅಳಿಸಿಹಾಕುವುದರಿಂದ ಕನ್ನಡ ಸಂಶೋಧಕನು ವಿಷಯದಿಂದಲೇ ಗ್ರಂಥವನ್ನು ಗುರುತಿಸಬೇಕಾಗುತ್ತದೆ. ಗುರುತು ಸುಲಭ: ಹೆನ್ರಿಯ ಪ್ರಕಾರ ಹೃದಯಕ್ಕೆ ಕೋಣೆಗಳು ನಾಲ್ಕು, ಮೆರೆಡಿತಳ ಪ್ರಕಾರ ಐದು. ಐದನೆಯದು, ರಾತ್ರಿಪಾಳಿಯ ವೈದ್ಯರು ನಿದ್ರಿಸಲೆಂದು ಕಟ್ಟಿಸಲಾಗಿರುವ, ಆದರೆ ಯಾರೂ ನಿದ್ರಿಸಿದ್ದು ಅಷ್ಟಾಗಿ ದಾಖಲಾಗದ ಡ್ಯೂಟಿ ರೂಮು.

ಸರ್ಗವೆಂದರೆ ಆದಿಸೃಷ್ಟಿ. ಸಿಯಾಟಲ್ ಗ್ರೇಸ್ ಎಂಬ ಆಸ್ಪತ್ರೆಗೆ ಐವರು ಇಂಟರ್ನ್‌ಗಳು ಬಂದದ್ದಷ್ಟೇ ಅದು. ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಕೃತಿಯ ಪ್ರತಿಭೆಯೆಲ್ಲ ಪ್ರತಿಸರ್ಗದಲ್ಲಿ, ಅಂದರೆ ಪ್ರಳಯ ಮತ್ತು ಮರುಸೃಷ್ಟಿಯಲ್ಲಿ ಅಡಗಿದೆ. 2006ರಲ್ಲಿ ರೋಗಿಯೊಬ್ಬನ ಎದೆಯೊಳಗೆ ಸಿಡಿಯದ ಮದ್ದುಗುಂಡು ಉಳಿದಿತ್ತು, ಮುಂದಿನ ಸೀಸನ್ನಿನಲ್ಲಿ ದೋಣಿ ದುರಂತ, 2010ರಲ್ಲಿ ಬಂದೂಕುಧಾರಿ, 2012ರಲ್ಲಿ ವಿಮಾನ ಪತನ. ರೋಗವೆಂಬುದು ಈ ಲೋಕದಲ್ಲಿ ವೈದ್ಯರ ತಂಟೆಗೆ ಹೋಗುವುದು ಅಪರೂಪವಾಗಿದ್ದು, ಜಾರ್ಜ್ ಬಸ್ಸಿಗೆ, ಲೆಕ್ಸಿ ಗ್ರೇ ಮತ್ತು ಮಾರ್ಕ್ ಸ್ಲೋನ್ ವಿಮಾನಕ್ಕೆ, ನಾಯಕ ಡೆರೆಕ್ ಲಾರಿಗೆ ಬಲಿಯಾದ್ದರಿಂದ, ಕೃತಿಯ ಅಧ್ಯಯನವನ್ನು ವೈದ್ಯಕೀಯ ಕಾಲೇಜಿಗೆ ಒಪ್ಪಿಸಬೇಕೋ ಸಾರಿಗೆ ಇಲಾಖೆಗೆ ಒಪ್ಪಿಸಬೇಕೋ ಎಂಬ ಜಿಜ್ಞಾಸೆ ಸಹಜವಾಗಿಯೇ ಏಳುತ್ತದೆ. ವಿಮಾನ ದುರಂತದ ಉತ್ತರಕಾಂಡವಂತೂ ಅದ್ವೈತಿಗಳು ಗಮನಿಸತಕ್ಕದ್ದು. ಬದುಕುಳಿದ ವೈದ್ಯರು ಪರಿಹಾರಕ್ಕಾಗಿ ದಾವೆ ಹೂಡಿ ಗೆದ್ದರು. ತೆರಬೇಕಾದ ಹಣದಿಂದ ಅವರದೇ ಆಸ್ಪತ್ರೆ ದಿವಾಳಿಯ ಅಂಚಿಗೆ ಬಂತು. ಬಂದ ಹಣಕ್ಕೆ ಒಂದು ಪ್ರತಿಷ್ಠಾನದ ನೆರವನ್ನು ಸೇರಿಸಿ ಅವರೇ ಆ ಆಸ್ಪತ್ರೆಯನ್ನು ಕೊಂಡು, ಸತ್ತವರಿಬ್ಬರ ನೆನಪಿಗೆ 'ಗ್ರೇ ಸ್ಲೋನ್ ಮೆಮೋರಿಯಲ್' ಎಂದು ನಾಮಕರಣ ಮಾಡಿದರು. ಜೇಡವು ತನ್ನಿಂದಲೇ ನೂಲನ್ನು ಹೊರಚೆಲ್ಲಿ ತಾನೇ ಒಳಗೆಳೆದುಕೊಳ್ಳುವುದೆಂಬ ಉಪನಿಷತ್ತಿನ ದೃಷ್ಟಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕಪತ್ರ ಬೇರೆಲ್ಲೂ ದೊರೆಯಲಾರದು.

ವಂಶಲಕ್ಷಣವೂ ಸಮೃದ್ಧವಾಗಿದೆ. ಮೆರೆಡಿತಳ ತಾಯಿ ಎಲ್ಲಿಸ್ ಹೆಸರಾಂತ ಸರ್ಜನ್. ತಂದೆಯ ಎರಡನೆಯ ಸಂಸಾರದ ಮಗಳು ಲೆಕ್ಸಿ ಅದೇ ಆಸ್ಪತ್ರೆಗೆ ಇಂಟರ್ನ್ ಆಗಿ ಬರುತ್ತಾಳೆ. ತಾಯಿಗೂ ಶಸ್ತ್ರಚಿಕಿತ್ಸಾ ಮುಖ್ಯಸ್ಥ ವೆಬರನಿಗೂ ಹುಟ್ಟಿದ, ಯಾರಿಗೂ ತಿಳಿಯದಂತೆ ದತ್ತು ಹೋಗಿದ್ದ ಮ್ಯಾಗಿ ಹೃದ್ರೋಗ ವಿಭಾಗಕ್ಕೆ ಬರುತ್ತಾಳೆ. ನಾದಿನಿ ಅಮೇಲಿಯಾ ಮಿದುಳಿನ ವಿಭಾಗಕ್ಕೆ ಬರುತ್ತಾಳೆ. ಸಿಯಾಟಲ್ ನಗರದಲ್ಲಿ ಬೇರೆ ಆಸ್ಪತ್ರೆ ಇರಲಿಲ್ಲವೇ ಎಂಬುದು ಪೂರ್ವಪಕ್ಷ. ಇತ್ತು, ಮರ್ಸಿ ವೆಸ್ಟ್ ಎಂಬುದೊಂದಿತ್ತು, ಅದನ್ನೂ ಆರನೆಯ ಸೀಸನ್ನಿನಲ್ಲಿ ಇದರೊಳಗೇ ವಿಲೀನಗೊಳಿಸಲಾಯಿತು ಎಂಬುದು ಸಿದ್ಧಾಂತ. ಮನ್ವಂತರವೆಂದರೆ ಒಬ್ಬ ಮನುವಿನ ಆಳ್ವಿಕೆಯ ಕಾಲ. ವೆಬರ್, ಹಂಟ್, ಬೈಲಿ ಮೊದಲಾದ ಮುಖ್ಯಸ್ಥರ ಹೆಸರುಗಳನ್ನು ಅಲ್ಲಿ ತುಂಬಿಕೊಂಡರಾಯಿತು. ವಂಶಾನುಚರಿತವು ಬಹುಪಾಲು ಲಿಫ್ಟಿನಲ್ಲಿ ಜರುಗುತ್ತದೆ. ಲಿಫ್ಟೆಂದರೆ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಒಯ್ಯುವ ಯಂತ್ರವೆಂಬ ಲೌಕಿಕಾರ್ಥ ಇಲ್ಲಿ ಸಲ್ಲದು. ಜಾರ್ಜ್ ಕೆಟ್ಟುನಿಂತ ಲಿಫ್ಟಿನೊಳಗೇ ಎದೆ ತೆರೆದು ಒಂದು ಜೀವ ಉಳಿಸಿದ, ಡೆರೆಕ್ ಅದರ ಗೋಡೆಗಳಿಗೆ ಸ್ಕ್ಯಾನ್ ಚಿತ್ರಗಳನ್ನು ಅಂಟಿಸಿ ಮೆರೆಡಿತಳಿಗೆ ಮದುವೆಯ ಪ್ರಸ್ತಾಪ ಮಾಡಿದ.

ಉಳಿದದ್ದು ರೋಗಿಯ ಪ್ರಶ್ನೆ. ಆಲಂಕಾರಿಕರು ಮಾತಿಗೆ ಎರಡು ಅರ್ಥ ಹೇಳುತ್ತಾರೆ: ನೇರವಾಗಿ ತಿಳಿಯುವುದು ವಾಚ್ಯ, ಅದರ ಮೂಲಕ ಹೊಳೆಯುವುದು ವ್ಯಂಗ್ಯ. ಈ ಕೃತಿಯಲ್ಲಿ ಕಾಯಿಲೆ ಯಾವಾಗಲೂ ವಾಚ್ಯ, ಅದನ್ನು ಕೊಯ್ಯುವವರ ಪ್ರಣಯ ಯಾವಾಗಲೂ ವ್ಯಂಗ್ಯ. ಎರಡನೆಯ ಸೀಸನ್ನಿನ ರೈಲು ಅಪಘಾತದಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಒಂದೇ ಲೋಹದ ಕಂಬಕ್ಕೆ ನಾಟಿಕೊಂಡು, ಎದುರುಬದುರು ಕುಳಿತು ಮಾತಾಡಿಕೊಂಡೇ ಆಸ್ಪತ್ರೆಗೆ ಬರುತ್ತಾರೆ. ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಕಂಬದಿಂದ ಸರಿಸಬೇಕು, ಸರಿಸಲ್ಪಟ್ಟವರು ಉಳಿಯುವುದು ಕಷ್ಟ. ಅದೇ ಹೊತ್ತಿಗೆ ಡೆರೆಕ್ ತನ್ನ ಆಗಿನ ಹೆಂಡತಿ ಅಡಿಸನ್ ಮತ್ತು ಮೆರೆಡಿತಳ ನಡುವೆ ಒಬ್ಬಳನ್ನು ಆರಿಸಬೇಕಾಗಿತ್ತು, ಆತ ಹೆಂಡತಿಯನ್ನು ಆರಿಸಿದ. ಸಹೃದಯರು ಇಲ್ಲಿ ಮೆರೆಡಿತಳಿಗಾಗಿ ಕಣ್ಣೀರಿಟ್ಟರು, ಮತ್ತು ರಸಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಕಣ್ಣೀರು. ಕಂಬದಿಂದ ಸರಿಸಲ್ಪಟ್ಟ ಹೆಂಗಸಿನ ಹೆಸರು ಬಾನಿ. ಆಕೆ ತೀರಿಕೊಂಡದ್ದು ಕೇವಲ ವಾಚ್ಯಾರ್ಥದಲ್ಲಾದ್ದರಿಂದ ವ್ಯಾಖ್ಯಾನಕಾರರು ಅದನ್ನು ವಿಸ್ತರಿಸಲು ಹೋಗಿಲ್ಲ.