ತಂಪು ತಲೆಯ ಕಂಪ್ಯೂಟರ್

(ಬೆಂಗಳೂರು. ಊಟದ ಮೇಜಿನ ಮೇಲೆ ಮಗ ಕಂಪ್ಯೂಟರನ್ನು ನೀರು ಹರಿಸಿ ತಂಪಾಗಿಡುವ ವ್ಯವಸ್ಥೆಯ ನಕ್ಷೆ ಹರವಿದ್ದಾನೆ.)

ಮಗ: ಪ್ರೊಸೆಸರ್‌ಗೊಂದು, ಗ್ರಾಫಿಕ್ಸ್ ಕಾರ್ಡ್‌ಗೊಂದು ವಾಟರ್ ಬ್ಲಾಕ್. 360 ಮಿ.ಮೀ. ರೇಡಿಯೇಟರ್, ಪಂಪು, ರಿಸರ್ವಾಯರ್. ಅಷ್ಟೇ ಅಪ್ಪ.

ಅಪ್ಪ: ಪಂಪು ಎಲ್ಲಿಡ್ತೀಯಾ?

ಮಗ: ರಿಸರ್ವಾಯರ್ ಕೆಳಗೆ. ನೀರಿಲ್ಲದೆ ಓಡಿದ್ರೆ ಕೆಟ್ಟುಹೋಗುತ್ತೆ.

ಅಪ್ಪ: ನಮ್ಮ ಸಂಪಿನ ಮೋಟರ್ ಹೋಗಿದ್ದೂ ಹಾಗೇ. ನೀರು? ಕಾವೇರಿನೋ, ಬೋರ್‌ದೋ?

ಮಗ: ಅಯ್ಯೋ, ಬೋರ್ ನೀರಿನ ಲವಣ ಬ್ಲಾಕಿನ ಸಣ್ಣ ಸಂದುಗಳಲ್ಲಿ ಕಟ್ಕೊಳ್ಳುತ್ತೆ. ಡಿಸ್ಟಿಲ್ಡ್ ವಾಟರೇ ಬೇಕು. ಜೊತೆಗೆ ಪಾಚಿ ಕಟ್ಟದ ಹಾಗೆ ಔಷಧಿ.

ಅಪ್ಪ: ನಾವು ಸ್ನಾನ ಮಾಡ್ತಿರೋದು ಅದೇ ಬೋರ್ ನೀರಲ್ಲಿ ಕಣೋ.

ಮಗ: ನಿಮಗೇನು ವಾರಂಟಿ ಹೋಗುತ್ತಾ?

ಅಪ್ಪ: ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗವಂತಲ್ಲ?

ಮಗ: ಬ್ಲಾಕ್ ತಾಮ್ರದ್ದು. ಎರಡೂ ಒಂದೇ ನೀರಲ್ಲಿದ್ರೆ ಅಲ್ಯೂಮಿನಿಯಂ ಸವೆದುಹೋಗುತ್ತೆ.

ಅಪ್ಪ: ಅಂದ್ರೆ ಜಾತಕ ನೋಡೇ ಮಾಡ್ಬೇಕು. ಸೋರಿದ್ರೆ?

ಮಗ: ಮೊದಲು ಪಂಪಿಗೆ ಮಾತ್ರ ಕರೆಂಟ್ ಕೊಟ್ಟು, ಪ್ರತಿ ಫಿಟ್ಟಿಂಗ್ ಕೆಳಗೂ ಟಿಶ್ಯೂ ಹಾಸಿ, 24 ಗಂಟೆ ಕಾವಲು ಕೂರ್ತೀನಿ. ಒಂದು ಹನಿ ಬಿದ್ರೂ ಗೊತ್ತಾಗುತ್ತೆ.

ಅಪ್ಪ: ಶಭಾಷ್! ಬಚ್ಚಲಮನೆ ನಲ್ಲಿ ಯುಗಾದಿಯಿಂದ ತೊಟ್ಟಿಕ್ತಿದೆ. ಒಂದು ವಾಷರ್ ಹಾಕು.

ಮಗ: ಪ್ಲಂಬರ್‌ನ ಕರೀರಿ ಅಪ್ಪ. ಪೈಪಿನ ಕೆಲಸ ನಂಗೆಲ್ಲಿ ಬರುತ್ತೆ?